ಗಾಣದ ಬೀದಿಯ ಅಳತೆ

ನಾನು ಇಪ್ಪತ್ತಾರು ವರ್ಷ ಹಿಡಿದ ಹಗ್ಗ ಈಗ ನಮ್ಮ ಹಿತ್ತಿಲಿನಲ್ಲಿ ಎರಡು ಕಂಬಗಳ ನಡುವೆ ತೂಗುತ್ತಿದೆ. ಅದರ ಮೇಲೆ ಸೊಸೆಯ ಸೀರೆ, ಮೊಮ್ಮಗಳ ಲಂಗ ಒಣಗುತ್ತವೆ. ಮಾರಿಗೊಂದರಂತೆ ಅದಕ್ಕೆ ಹಾಕಿದ್ದ ಗಂಟುಗಳನ್ನು ಬಿಚ್ಚಲು ನಾನು ಬಿಟ್ಟಿಲ್ಲ. "ಈ ಗಂಟಿಗೆ ಸಿಕ್ಕಿ ಸೀರೆ ದಾರ ಬಿಡ್ತದೆ ಕಣತ್ತೆ, ಒಂದು ಹೊಸ ಹಗ್ಗ ತರಬಾರ್ದಾ?" ಎಂದು ಸೊಸೆ ವಾರಕ್ಕೊಮ್ಮೆಯಾದರೂ ಕೇಳುತ್ತಾಳೆ. ತರಬಹುದು. ಆದರೆ ಆ ಗಂಟುಗಳ ಮೇಲೆ ಕೈಯಾಡಿಸಿದರೆ ನನಗೆ ಹಳೆಯ ಬೀದಿಗಳೆಲ್ಲ ನೆನಪಾಗುತ್ತವೆ. ಹೊಸ ಹಗ್ಗಕ್ಕೆ ಏನು ನೆನಪಿರುತ್ತದೆ?

ನಮ್ಮ ಊರಿನಲ್ಲಿ ಕಾಲು ತಾಗದ ದಾರಿ ಬೆಳೆಯುತ್ತಿತ್ತು. ಕತ್ತರಿಸದ ಉಗುರು ಬೆಳೆಯುವ ಹಾಗೆ. ಯಾರೂ ನಡೆಯದೆ ಒಂದು ವಾರ ಬಿಟ್ಟರೆ ಬೀದಿ ಎರಡು ಮಾರು ಉದ್ದವಾಗುತ್ತಿತ್ತು. ಮನೆಗಳು ಇದ್ದಂತೆಯೇ ಇರುತ್ತಿದ್ದವು, ಅವುಗಳ ನಡುವಿನ ಸಂದು ಮಾತ್ರ ಅಗಲವಾಗುತ್ತಿತ್ತು. ಜನ ನಡೆದಾಡಿದರೆ ಮತ್ತೆ ಮೊಟಕಾಗುತ್ತಿತ್ತು. ಹೆಣ್ಣು ಮಕ್ಕಳನ್ನು ಗಂಡನ ಮನೆಗೆ ಕಳಿಸುವಾಗ ತಾಯಂದಿರು "ವಾರಕ್ಕೊಂದ್ಸಲ ನಡ್ಕೊಂಡು ಬಾ ಮಗಳೇ, ಇಲ್ದಿದ್ರೆ ತವರು ದೂರಾಗೋಯ್ತದೆ" ಎಂದು ಹೇಳುತ್ತಿದ್ದರು. ಅದು ಕಣ್ಣೀರಿನ ಮಾತಲ್ಲ, ಲೆಕ್ಕದ ಮಾತು. ಒಂದೇ ಗೋಡೆಯ ಎರಡು ಮನೆಗಳಲ್ಲಿದ್ದ ಅಣ್ಣತಮ್ಮಂದಿರು ಜಗಳವಾಡಿ ಮಾತು ಬಿಟ್ಟು, ಮೂರು ವರ್ಷದಲ್ಲಿ ಆ ಮನೆಗಳ ನಡುವೆ ರಾಗಿ ಬಿತ್ತುವಷ್ಟು ಜಾಗವಾಗಿದ್ದನ್ನು ನಾನೇ ಅಳೆದಿದ್ದೇನೆ. ಪೇಟೆ ಬೀದಿಯ ಕಥೆ ಬೇರೆ. ಅಲ್ಲಿ ಜನ ತುಳಿದು ತುಳಿದು ಅಂಗಡಿಗಳು ಭುಜಕ್ಕೆ ಭುಜ ಒತ್ತಿ ನಿಂತಿದ್ದವು. ಒಬ್ಬ ಸೀನಿದರೆ ಮೂರು ಅಂಗಡಿಯವರು ಮೂಗು ಒರೆಸಿಕೊಳ್ಳುತ್ತಿದ್ದರು.

ಪುರಸಭೆಯಲ್ಲಿ ನನ್ನದು ಅಳತೆಯ ಕೆಲಸ. ಪ್ರತಿ ಸೋಮವಾರ ಹಗ್ಗದ ಒಂದು ತುದಿಯನ್ನು ಮೊಳೆಗೆ ಸಿಕ್ಕಿಸಿ ಬೀದಿಗಳನ್ನು ಅಳೆದು ಪುಸ್ತಕದಲ್ಲಿ ಬರೆಯಬೇಕು. ಊರೆಲ್ಲ ನನ್ನನ್ನು ಹಗ್ಗದಕ್ಕ ಎನ್ನುತ್ತಿತ್ತು. ನಾನು ಅಳೆದು ಹಿಂತಿರುಗುವಷ್ಟರಲ್ಲಿ ನನ್ನದೇ ಕಾಲಿನಿಂದ ಬೀದಿ ಒಂದು ಗೇಣು ಕಡಿಮೆಯಾಗಿರುತ್ತಿತ್ತು. ಕಚೇರಿಯವರು ಅದನ್ನು ಹಗ್ಗದ ದೋಷ ಎಂದು ಬರೆದುಕೊಳ್ಳುತ್ತಿದ್ದರು.

ನಾನು ಹೇಳುತ್ತಿರುವುದು ಊರಿಗೆ ಸ್ಕೂಟರು ಬಂದ ಕಾಲದ ಮಾತು. ಚಕ್ರವನ್ನು ನಮ್ಮ ದಾರಿಗಳು ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ. ದಿನಕ್ಕೆ ನೂರು ಗಾಡಿ ಓಡಾಡಿದರೂ ಬೀದಿ ತನ್ನ ಪಾಡಿಗೆ ಬೆಳೆಯುತ್ತಿತ್ತು. ಬೀದಿ ಉದ್ದವಾಯಿತೆಂದು ಜನ ಸ್ಕೂಟರು ಕೊಂಡರು, ಸ್ಕೂಟರು ಕೊಂಡರೆಂದು ಬೀದಿ ಇನ್ನಷ್ಟು ಉದ್ದವಾಯಿತು. ಜನರ ಹೊಟ್ಟೆಯೂ ಬೀದಿಯ ಜೊತೆಗೇ ಬೆಳೆಯಿತು. ನಲ್ಲಿಯಿಂದ ಒಂದು ಕೊಡ ನೀರು ತರಲು ಏದುಸಿರು ಬಿಡುವ ಹುಡುಗಿಯರನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಆಗ ಮುಖ್ಯಾಧಿಕಾರಿಯಾಗಿ ಬಂದವರು ಪಾರ್ಶ್ವನಾಥಯ್ಯನವರು. ಒಳ್ಳೆಯ ಮನುಷ್ಯ, ತುಂಬ ಓದಿದವರು. ಜನ ನಡೆಯುವಂತೆ ಮಾಡಬೇಕು ಎಂದು ಪಣ ತೊಟ್ಟರು. ಗೋಡೆಗೋಡೆಯ ಮೇಲೂ "ದಿನಕ್ಕೆ ಐದು ಸಾವಿರ ಹೆಜ್ಜೆ" ಎಂದು ಬರೆಸಿದರು. ಜನ ಅದನ್ನು ಸ್ಕೂಟರಿನ ಮೇಲೆ ಕೂತು ಓದಿಕೊಂಡು ಹೋದರು. ಆಮೇಲೆ ಕೆರೆಯ ಪಕ್ಕ ಒಂದು ಪಾರ್ಕು ಮಾಡಿಸಿ, ಅದರ ಸುತ್ತ ಮುನ್ನೂರು ಮಾರಿನ ನಡಿಗೆಯ ದಾರಿ ಹಾಕಿಸಿದರು. ಇದಕ್ಕೆ ಮಾತ್ರ ಜನ ಮುಗಿಬಿದ್ದರು. ಬಿಳಿ ಬೂಟು ಹಾಕಿಕೊಂಡು, ಸ್ಕೂಟರಿನಲ್ಲಿ ಬಂದು, ಪಾರ್ಕಿನಲ್ಲಿ ಸುತ್ತು ಹಾಕಿ, ಸ್ಕೂಟರಿನಲ್ಲೇ ಮನೆಗೆ ಹೋದರು. ಎರಡೇ ತಿಂಗಳಲ್ಲಿ ಪಾರ್ಕಿನ ದಾರಿ ಸವೆದು ಸವೆದು ರಾಗಿ ಕಣದಷ್ಟಾಯಿತು. ನಲವತ್ತು ಜನ ಒಬ್ಬರ ಬೆನ್ನಿಗೆ ಒಬ್ಬರು ಮೂಗು ತಾಗಿಸಿಕೊಂಡು ತಿರುಗಿ ತಿರುಗಿ ತಲೆಸುತ್ತಿ ಬೀಳತೊಡಗಿದರು. ಅತ್ತ ಬೀದಿಗಳು ಬೆಳೆಯುತ್ತಲೇ ಇದ್ದವು. "ಎಲ್ಲಿ ತಪ್ಪಾಯ್ತಮ್ಮ?" ಎಂದು ಅವರು ನನ್ನನ್ನು ಕೇಳಿದರು. "ಜನ ಬರೀ ಕಾಲಿಗೋಸ್ಕರ ನಡೆಯಲ್ಲ ಬುದ್ಧಿ, ಏನಾದ್ರೂ ಕೆಲಸ ಇದ್ರೆ ನಡೀತಾರೆ" ಎಂದೆ. ಅವರು ಅದನ್ನು ಬರೆದುಕೊಂಡರು. ಆದರೆ ಕಡತದಲ್ಲಿ ಬರೆದುಕೊಂಡ ಮಾತು ಕಡತದಲ್ಲೇ ಇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಬೆಳೆದಿದ್ದು ನಮ್ಮ ಗಾಣದ ಬೀದಿ. ನಾನು ಮದುವೆಯಾಗಿ ಬಂದಾಗ ಅದು ನೂರೈವತ್ತು ಮಾರು. ಆ ವರ್ಷ ಸಂಕ್ರಾಂತಿಗೆ ಅಳೆದರೆ ಆರುನೂರ ನಲವತ್ತು. ಅಷ್ಟು ದೂರದ ಬೀದಿಗೆ ನೀರು, ದೀಪ ಕೊಡುವುದು ಪುರಸಭೆಗೆ ಆಗದ ಮಾತು. ಐನೂರು ಮಾರು ಮೀರಿದ ಬೀದಿಯ ಕೊನೆಯನ್ನು ಊರಿನಿಂದ ಬಿಟ್ಟುಬಿಡಬೇಕೆಂದು ಹಳೆಯ ನಿಯಮವೇ ಇತ್ತು. ಪಾರ್ಶ್ವನಾಥಯ್ಯನವರು ಬೇಸರದಿಂದಲೇ ನೋಟೀಸು ಕಳಿಸಿದರು. ಯುಗಾದಿಯ ಮುಂಚಿನ ಸೋಮವಾರ ಅಳೆಯುವುದು, ಐನೂರರ ಒಳಗೆ ಬರದಿದ್ದರೆ ಕೊನೆಯ ಮನೆಯ ನಲ್ಲಿ, ದೀಪ ಎರಡೂ ಕೀಳುವುದು.

ಕೊನೆಯ ಮನೆ ಸಿದ್ದವೀರಮ್ಮನದು. ಬೀದಿಗೆ ಹೆಸರು ಕೊಟ್ಟ ಗಾಣ ಇದ್ದದ್ದು ಅವರ ಅಂಗಳದಲ್ಲಿ. ಎತ್ತಿನ ಹಿಂದೆ ಬೆಳಗಿನಿಂದ ಸಂಜೆಯವರೆಗೆ ನಡೆದ ಹೆಂಗಸು ಆಕೆ. ಗಾಣದ ಸುತ್ತು ಆಕೆಯ ಕಾಲಿಗೆ ಸವೆದು, ವರ್ಷಕ್ಕೊಮ್ಮೆ ಎತ್ತಿನ ಮೂತಿ ಅದರ ಬಾಲಕ್ಕೇ ತಾಗುತ್ತಿತ್ತು. ಆಗ ಗಾಣಕ್ಕೆ ತಿಂಗಳೊಪ್ಪತ್ತು ರಜೆ ಕೊಟ್ಟು ಸುತ್ತು ಬೆಳೆಯಲು ಬಿಡುತ್ತಿದ್ದರು. ಎಣ್ಣೆಯ ಮಿಲ್ಲು ಬಂತು, ಎತ್ತು ಮಾರಿದರು, ಅದೇ ವರ್ಷ ಗಂಡ ತೀರಿಕೊಂಡರು. ಐವತ್ತು ತುಂಬುವ ಮೊದಲೇ ಸಿದ್ದವೀರಮ್ಮ ಜಗಲಿಯ ಮೇಲೆ ಕೂತವಳು ಐದು ವರ್ಷ ಬೀದಿಗೆ ಇಳಿಯಲಿಲ್ಲ. ಪಕ್ಕದೂರಿನ ತಮ್ಮ ತಿಂಗಳಿಗೊಮ್ಮೆ ಟೆಂಪೋದಲ್ಲಿ ದಿನಸಿ ತಂದು ಹಾಕುತ್ತಿದ್ದ. ಕಾಲು ಊದಿಕೊಂಡಿದ್ದವು. ಡಾಕ್ಟರು ಬಂದು "ನಡೀದಿದ್ರೆ ನಡೆಯೋದೇ ಮರ್ತೋಗ್ತದಮ್ಮ" ಎಂದು ಹೇಳಿ ಹೋದಾಗ, "ಮರೀಲಿ ಬುಡಿ, ನೆನಪಿಟ್ಕೊಂಡು ಯಾರ್ ಮನೆಗೆ ಹೋಗ್ಬೇಕಾಗದೆ" ಎಂದಿದ್ದಳಂತೆ. ಅವಳ ನಾಲಗೆಗೆ ಹೆದರಿ ಬೀದಿಯವರು ಅತ್ತ ಹೋಗುವುದನ್ನೇ ಬಿಟ್ಟಿದ್ದರು. ಅವಳ ಮನೆಗೂ ಅದಕ್ಕೆ ಮುಂಚೆ ಸಿಗುವ ಟೈಲರ್ ಜವರಪ್ಪನ ಮನೆಗೂ ನಡುವೆಯೇ ಇನ್ನೂರ ಮೂವತ್ತು ಮಾರು.

ನೋಟೀಸು ಕೊಡಲು ಹೋದವಳು ನಾನೇ. ಓದಿ ಹೇಳಿದೆ. ಅವಳು ಅಂಗಳದ ಗಾಣದ ಕಲ್ಲಿನ ಕಡೆ ತಿರುಗಿದಳು.

"ನನ್ ತಮ್ಮ ಕರೀತಾನೇ ಅವ್ನೆ. ಹೋದ್ರೆ ಹಿಂದಿನ ರೂಮು ಕೊಡ್ತಾನೆ, ಅನ್ನಾನೂ ಹಾಕ್ತಾನೆ" ಎಂದಳು. "ಆದ್ರೆ ಈ ಕಲ್ಲು ಬಿಟ್ಟು ಎಲ್ಲಿಗೂ ಹೋಗಲ್ಲ ಕಣಮ್ಮಿ. ನಾನೂ ಅವರೂ ಇದರ ಸುತ್ತ ನಡೆದಷ್ಟು ಕಾಶಿಗೆ ನಡೆದಿದ್ರೆ ಹತ್ತು ಸಲ ಹೋಗಿ ಬರಬಹುದಿತ್ತು."

"ಹಂಗಾದ್ರೆ ಎದ್ದು ನಾಲ್ಕ್ ಹೆಜ್ಜೆ ಹಾಕಕ್ಕ."

"ಯಾಕೆ? ಯಾವ ಎತ್ತು ಕಾಯ್ತಾ ಅದೆ?"

ಹಿಂತಿರುಗಿ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಜನರನ್ನು ಮನೆಯಿಂದ ಹೊರಡಿಸುವುದು ಯಾವುದು? ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರದೇ ಮನೆಯಿಂದ ಪಾತ್ರೆ ಬಂದರೆ ಅದನ್ನು ಬರಿದಾಗಿ ಹಿಂತಿರುಗಿಸಬಾರದು. ಏನೂ ಇಲ್ಲದಿದ್ದರೆ ನಾಲ್ಕು ಎಸಳು ಕರಿಬೇವನ್ನಾದರೂ ಹಾಕಿ ಕೊಡಬೇಕು. ಅಂದರೆ ಒಂದು ಪಾತ್ರೆ ಹೊರಟಿತೆಂದರೆ ಅದಕ್ಕೆ ಕೊನೆಯಿಲ್ಲ. ಮರುದಿನವೇ ಒಂದು ದೊಡ್ಡ ಪಾತ್ರೆ ತುಂಬ ಹುರುಳಿಕಾಳಿನ ಬಸ್ಸಾರು ಮಾಡಿ, ಹತ್ತು ಬಟ್ಟಲಿಗೆ ಅಂಚಿನವರೆಗೆ ತುಂಬಿ, ಮನೆ ಮನೆಗೆ ಕೊಟ್ಟು ಬಂದೆ. ಬೇಕೆಂದೇ ಸಾರು ಕೊಟ್ಟೆ, ಬೇಕೆಂದೇ ಮುಚ್ಚಳ ಕೊಡಲಿಲ್ಲ. ಲಾಡು ಆಗಿದ್ದರೆ ಸ್ಕೂಟರಿನಲ್ಲಿ ಬರುತ್ತಿತ್ತು. ಸಾರಿನ ಬಟ್ಟಲು ಹಿಡಿದವರು ನಡೆದೇ ಬರಬೇಕು, ಅದೂ ಮೆಲ್ಲಗೆ. ಸಾರಿಗೆ ಸಾರು, ಪಾಯಸಕ್ಕೆ ಪಾಯಸ ಕೊಡುವುದು ಹೆಂಗಸರ ಮರ್ಯಾದೆ. ಯಾರೂ ಸಾರು ತಿಂದು ಕರಿಬೇವು ಕಳಿಸಲಿಲ್ಲ.

ಎರಡು ವಾರದಲ್ಲಿ ಗಾಣದ ಬೀದಿ ಹಬ್ಬದ ಅಡಿಗೆಮನೆಯಂತಾಯಿತು. ಎತ್ತ ನೋಡಿದರೂ ಎರಡು ಕೈಯಲ್ಲಿ ಬಟ್ಟಲು ಹಿಡಿದು ಕಣ್ಣು ಅದರ ಮೇಲೇ ನೆಟ್ಟು ನಡೆಯುವವರು. ಟೈಲರ್ ಜವರಪ್ಪ ದಿನಕ್ಕೆ ಎರಡು ಸಲ ಮಜ್ಜಿಗೆಹುಳಿ ಹೊತ್ತು, ತಿಂಗಳೊಳಗೆ ಬೆಲ್ಟಿಗೆ ಒಳಗಡೆ ಹೊಸ ತೂತು ಕೊರೆದುಕೊಂಡ. "ಹಗ್ಗದಕ್ಕ, ನಿನ್ನಿಂದ ನನ್ ಪ್ಯಾಂಟೆಲ್ಲಾ ನಾನೇ ಪುಕ್ಸಟ್ಟೆ ಹೊಲ್ಕೊಳೋ ಹಂಗಾಯ್ತು" ಎಂದು ಬೈದ. ಎರಡು ಮನೆಗಳ ನಡುವೆ ಬೆಳೆದ ಜಾಗದಲ್ಲಿ ಒಬ್ಬ ಬೀಡಾ ಅಂಗಡಿಯ ಪೆಟ್ಟಿಗೆ ಇಟ್ಟಿದ್ದ. ಒಂದು ಬೆಳಿಗ್ಗೆ ನೋಡಿದರೆ ಪೆಟ್ಟಿಗೆ ಎರಡು ಗೋಡೆಗಳ ಮಧ್ಯೆ ಸಿಕ್ಕಿಕೊಂಡು, ಅವನು ಮುಂದಿನ ಕಿಂಡಿಯಿಂದ ನುಸುಳಿ ಹೊರಗೆ ಬರಬೇಕಾಯಿತು.

ಆದರೆ ಪಾತ್ರೆಗಳ ಓಡಾಟ ಜವರಪ್ಪನ ಮನೆಗೆ ನಿಂತುಹೋಗುತ್ತಿತ್ತು. ಸಿದ್ದವೀರಮ್ಮನಿಗೆ ನಾನೇ ಬಟ್ಟಲು ಒಯ್ದೆ.

"ಏನದು?"

"ಬಸ್ಸಾರು ಕಣಕ್ಕ. ಬಿಸಿ ಅದೆ."

"ಬಿಸಿ ಇದ್ರೆ ನಿನ್ ತಲೆ ಮೇಲೆ ಸುರ್ಕೋ. ನಿನ್ ಪಾತ್ರೆ ಇಸ್ಕೊಂಡ್ರೆ ನಾಳೆ ಏನ್ ತುಂಬಿ ಕಳಿಸ್ಲಿ? ಗಾಣದ ದೂಳಾ?"

ಆಗ ನನ್ನ ತಪ್ಪು ಅರ್ಥವಾಯಿತು. ಯಾವ ಪದ್ಧತಿ ಬೀದಿಯವರನ್ನೆಲ್ಲ ಎಬ್ಬಿಸಿತೋ ಅದೇ ಪದ್ಧತಿ ಇವಳನ್ನು ಕೂರಿಸಿತ್ತು. ಒಂದು ಕಾಲದಲ್ಲಿ ಇಡೀ ಬೀದಿಯ ದೀಪಕ್ಕೆ ಎಣ್ಣೆ ಅಳೆದು ಕೊಟ್ಟ ಕೈ ಅದು. ತಮ್ಮ ತಂದು ಹಾಕುವ ಅಕ್ಕಿಯಲ್ಲಿ ಹಿಡಿ ತೆಗೆದು ಬೇರೆಯವರ ಪಾತ್ರೆಗೆ ಹಾಕಲು ಅವಳ ಮನಸ್ಸು ಒಪ್ಪಲಿಲ್ಲ. ಬರಿದಾಗಿ ಕೊಡಲು ಮಾನ ಒಪ್ಪಲಿಲ್ಲ. ಅದಕ್ಕೇ ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದಳು. ಕೊಡುವುದಕ್ಕೆ ಹೋದರೆ ಇವಳು ಏಳುವುದಿಲ್ಲ, ಇವಳಿಂದ ಏನಾದರೂ ತೆಗೆದುಕೊಳ್ಳಬೇಕು ಎಂದುಕೊಂಡೆ.

ಗೋಡೆಯ ಗೂಡಿನಲ್ಲಿ ಅವಳ ಗಂಡ ಎಣ್ಣೆ ಅಳೆಯುತ್ತಿದ್ದ ಹಿತ್ತಾಳೆ ಪಾವು ಇತ್ತು. ಐದು ವರ್ಷವಾದರೂ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ ಇಟ್ಟಿದ್ದಳು. "ಅಕ್ಕಾ, ಮನೆಗೆ ನೆಂಟರು ಬತ್ತಾವ್ರೆ, ನಮ್ ಪಾವು ಕಾಣ್ತಾ ಇಲ್ಲ. ಇದೊಂದ್ ದಿನ ಕೊಟ್ಟಿರು" ಎಂದೆ. ನನ್ನ ಮುಖವನ್ನೇ ನೋಡಿದಳು. ಇಲ್ಲ ಎನ್ನಲು ಅವಳಿಗೆ ಬರುತ್ತಿರಲಿಲ್ಲ, ಕೊಟ್ಟು ಬೆಳೆದ ಮನೆ. "ನಾಳೆ ಬೆಳಿಗ್ಗೆ ತಂದ್ಕೊಡ್ಬೇಕು. ಅದು ಅವರ ಕೈಯಾಡಿದ್ದು" ಎಂದು ಕೊಟ್ಟಳು.

ನಾನು ತಂದು ಕೊಡಲಿಲ್ಲ. ಒಂದು ದಿನವಾಯಿತು, ಎರಡು ದಿನವಾಯಿತು. ಜವರಪ್ಪನ ಮೂಲಕ ಹೇಳಿ ಕಳಿಸಿದಳು. "ಬಂದು ತಗೊಂಡೋಗಕ್ಕೆ ಹೇಳು" ಎಂದೆ. ಅವನು ಬಾಯಿ ಬಿಟ್ಟುಕೊಂಡು ನಿಂತ. "ಆ ಮಾತು ನಾನು ಹೋಗಿ ಹೇಳ್ಬೇಕಾ? ನಂಗೆ ಹೆಂಡ್ತಿ ಮಕ್ಕಳವ್ರೆ ಕಣಕ್ಕ!" ಸತ್ತ ಗಂಡನ ಪಾವನ್ನು ಹೀಗೆ ಇಟ್ಟುಕೊಳ್ಳುವುದು ಒಳ್ಳೆಯ ಕೆಲಸವಲ್ಲವೆಂದು ನನಗೆ ಗೊತ್ತಿತ್ತು. ಆದರೆ ಪ್ರೀತಿಗೆ ಏಳದ ಕಾಲು ಸಿಟ್ಟಿಗೆ ಏಳುತ್ತದೆ ಎಂಬುದನ್ನು ನಾನು ನಮ್ಮ ಅತ್ತೆಯಲ್ಲೇ ನೋಡಿದ್ದೆ.

ನಾಲ್ಕನೆಯ ದಿನ, ಹಾಲಿನವನು ಬಂದುಹೋದ ಹೊತ್ತಿಗೆ, ಸಿದ್ದವೀರಮ್ಮ ಜಗಲಿ ಇಳಿದಳು. ಎತ್ತಿಗೆ ಹಿಡಿಯುತ್ತಿದ್ದ ಬಾರುಕೋಲನ್ನೇ ಊರಿಕೊಂಡಿದ್ದಳು. ಆ ಇನ್ನೂರ ಮೂವತ್ತು ಮಾರು ದಾಟಿ ಜವರಪ್ಪನ ಜಗಲಿಗೆ ಬಂದು ಕೂರುವಷ್ಟರಲ್ಲಿ ಬಿಸಿಲು ಏರಿತ್ತು. ಅವನ ಹೆಂಡತಿ ನೀರು ಕೊಟ್ಟಳು. ಕುಡಿದು ನನ್ನನ್ನು ಬೈದಳು. ಎದ್ದು ಮುಂದಿನ ಜಗಲಿಗೆ ಬಂದಳು, ಅಲ್ಲಿ ಮಜ್ಜಿಗೆ ಕುಡಿದು ಇನ್ನೊಂದಿಷ್ಟು ಬೈದಳು. ಐದು ವರ್ಷ ಒಬ್ಬಳೇ ಕೂಡಿಟ್ಟ ಮಾತು, ಅದರ ಸೊಗಸೇ ಬೇರೆ. ಅವಳನ್ನು ನೋಡದೆ ಎಷ್ಟೋ ಕಾಲವಾಗಿದ್ದ ಜನ ಒಬ್ಬೊಬ್ಬರಾಗಿ ಹಿಂದೆ ಸೇರಿಕೊಂಡರು. ಬೀದಿಯ ಮೊದಲಿನ ಮನೆಯಾದ ನಮ್ಮ ಮನೆಯ ಮುಂದೆ ಅವಳು ನಿಂತಾಗ ಮಧ್ಯಾಹ್ನವಾಗಿತ್ತು, ಹಿಂದೆ ಇಪ್ಪತ್ತು ಜನರಿದ್ದರು.

"ಎಲ್ಲಮ್ಮಿ ನನ್ ಪಾವು? ನೆಂಟರು ನುಂಗ್ಬುಟ್ರಾ?"

"ಒಳಗದೆ ಕಣಕ್ಕ. ಬರಿದಾಗಿ ಹೆಂಗ್ ಕೊಡ್ಲಿ ಅಂತ ಇಟ್ಕೊಂಡಿದ್ದೆ."

ಒಳಗಿನಿಂದ ತಂದು ಅವಳ ಕೈಗಿಟ್ಟೆ. ಪಾವಿನ ತುಂಬ ಕರಿ ಎಳ್ಳು ಹಾಕಿದ್ದೆ. ಅವಳು ಎಳ್ಳಿನೊಳಗೆ ಬೆರಳಿಟ್ಟು, ನಾಲ್ಕು ಕಾಳು ತೆಗೆದು, ಹೆಬ್ಬೆರಳಲ್ಲಿ ಒತ್ತಿ ಜಿಡ್ಡು ನೋಡಿದಳು. ಗಾಣದವರು ನೋಡುವ ರೀತಿ ಅದು. ಬೈಗುಳ ಅಲ್ಲಿಗೆ ನಿಂತಿತು.

"ಹೋದ ವರ್ಷದ ಎಳ್ಳು. ಅಂಗಡಿಯವ್ನು ಟೋಪಿ ಹಾಕವ್ನೆ ನಿಂಗೆ" ಎಂದಳು. ಮೂಗು ಒರೆಸಿಕೊಂಡಳು. ಆಮೇಲೆ ಸುತ್ತ ನಿಂತವರನ್ನು ನೋಡಿ, "ಏನ್ ನೋಡ್ತೀರ? ಕರಡಿ ಕುಣೀತಾ ಅದಾ?" ಎಂದಳು.

ಎರಡು ದಿನ ಬಿಟ್ಟು ಅವಳೇ ನಡೆದು ಬಂದಳು. ಅದೇ ಎಳ್ಳಿಗೆ ಬೆಲ್ಲ ಹಾಕಿ ಕುಟ್ಟಿದ ಚಿಗಳಿ ತಂದಿದ್ದಳು. ಬೆಲ್ಲವನ್ನು ಜವರಪ್ಪನ ಹೆಂಡತಿ ಕೊಟ್ಟಿದ್ದಳಂತೆ, ಅವಳಿಗೂ ಒಂದು ಬಟ್ಟಲು ಚಿಗಳಿ ಹೋಗಿತ್ತು. ಅಂಥ ಚಿಗಳಿಯನ್ನು ನಾನು ಮತ್ತೆ ತಿಂದಿಲ್ಲ. ಬೀದಿಯವರೆಲ್ಲ ಎಳ್ಳು ಬೆಲ್ಲ ಹಿಡಿದುಕೊಂಡು ಕೊನೆಯ ಮನೆಗೆ ಹೋಗತೊಡಗಿದರು. ಅವಳು ಕುಟ್ಟಿ, ಉಂಡೆ ಕಟ್ಟಿ, ಅವರವರ ಪಾತ್ರೆಯನ್ನು ಅವರವರ ಮನೆಗೇ ತಂದು ಮುಟ್ಟಿಸುತ್ತಿದ್ದಳು. ಬೀದಿಯ ಉದ್ದ ಇಳಿಯಿತು, ಅವಳ ಕಾಲಿನ ಊತವೂ ಇಳಿಯಿತು. ಆದರೆ ದಿನಗಳು ಬಹಳ ಉಳಿದಿರಲಿಲ್ಲ.

ಯುಗಾದಿಯ ಮುಂಚಿನ ಸೋಮವಾರ ಪಾರ್ಶ್ವನಾಥಯ್ಯನವರು ಜೀಪಿನಲ್ಲಿ ಬಂದರು. ಅಳತೆಯ ದಿನ ಅಧಿಕಾರಿ ಹಗ್ಗದ ಜೊತೆಗೇ ನಡೆದು ನೋಡಬೇಕು, ಅದೂ ನಿಯಮ. ನಮ್ಮ ಮನೆಯ ಮುಂದಿನ ಮೊಳೆಯಿಂದ ಶುರು ಮಾಡಿದೆ. ಬೀದಿಯ ಜನ ಜಗಲಿಗಳ ಮೇಲೆ ನಿಂತಿದ್ದರು. ಒಬ್ಬರೂ ಕೆಳಗಿಳಿಯಲಿಲ್ಲ, ಅಳತೆಗೆ ಅಡ್ಡವಾಗಬಾರದೆಂದು. ಸಿದ್ದವೀರಮ್ಮನ ಬಾಗಿಲಿನಲ್ಲಿ ಕೊನೆಯ ಗಂಟು ಎಣಿಸಿದೆ. ಐನೂರ ಆರು.

ಅಳತೆ ಮುಗಿದದ್ದು ನೋಡಿ ಓಡಿಬಂದ ಜವರಪ್ಪ ನನ್ನ ಕಿವಿಯಲ್ಲಿ, "ಹಗ್ಗಾನ ಒಂಚೂರು ಹಿಗ್ಗಿಸಿ ಹಿಡೀ ಕಣಕ್ಕ, ಆರು ಮಾರು ಕಮ್ಮಿ ಬತ್ತದೆ" ಎಂದ. ಆಗುವುದಿಲ್ಲ ಎಂದು ತಲೆಯಾಡಿಸಿದೆ. ಅಷ್ಟು ವರ್ಷದಲ್ಲಿ ಆ ಹಗ್ಗ ಸುಳ್ಳು ಹೇಳಿದ್ದಿಲ್ಲ. ಒಬ್ಬರಿಗಾಗಿ ಒಮ್ಮೆ ಹೇಳಿದರೆ ಮರುದಿನ ಯಾರೂ ಅದನ್ನು ನಂಬುವುದಿಲ್ಲ. ಪಾರ್ಶ್ವನಾಥಯ್ಯನವರು ಕನ್ನಡಕ ತೆಗೆದು ಒರೆಸಿದರು. "ಆರೇ ಆರು ಮಾರು. ನಾನೇನು ಮಾಡಲಮ್ಮ" ಎಂದರು.

ಸಿದ್ದವೀರಮ್ಮ ಗಾಣದ ಕಲ್ಲಿನ ಮೇಲೆ ಕೂತಿದ್ದವಳು ಎದ್ದಳು.

"ಸ್ವಾಮಿ, ಅಳತೆ ಸರಿ ಇಲ್ಲ ಅಂತ ನಾನು ತಕರಾರು ಹೇಳಬಹುದಾ?"

"ಹೇಳಬಹುದು. ಇನ್ನೊಂದು ಸಲ ಅಳೆಯಬೇಕಾಗುತ್ತದೆ, ಅಷ್ಟೇ."

"ಹಂಗಾದ್ರೆ ಸರಿ ಇಲ್ಲ. ಇನ್ನೊಂದ್ ಸಲ ಅಳೀರಿ. ಈ ಸಲ ಬೀದಿಯವರೆಲ್ಲಾ ಸಾಕ್ಷಿಗೆ ಜೊತೇಲಿ ನಡೀಲಿ." ನನ್ನ ಕಡೆ ತಿರುಗಿ ಕಣ್ಣು ಕಿರಿದು ಮಾಡಿದಳು. "ಅಳೆಯೋಕೂ ನಡೀಲೇಬೇಕಲ್ವೇನಮ್ಮಿ?"

ಇಷ್ಟು ವರ್ಷ ಹಗ್ಗ ಹಿಡಿದವಳು ನಾನು, ಹಗ್ಗದ ದೋಷವನ್ನು ಬಲ್ಲವಳೂ ನಾನು, ಆದರೆ ಅದು ಹೊಳೆದದ್ದು ಅವಳಿಗೆ. ಜನ ಜಗಲಿಗಳಿಂದ ಧುಮುಕಿದರು. ಮಕ್ಕಳು, ಮುದುಕರು, ಸ್ಕೂಟರು ನಿಲ್ಲಿಸಿ ಬಂದವರು, ಎಪ್ಪತ್ತು ಎಂಬತ್ತು ಜನ ಹಗ್ಗದ ಹಿಂದೆ ನಡೆದರು. ಸಿದ್ದವೀರಮ್ಮ ಎಲ್ಲರಿಗಿಂತ ಮುಂದೆ ಹಗ್ಗದ ತುದಿ ಹಿಡಿದಿದ್ದಳು. ಆ ತುದಿಗೆ ಹೋಗಿ ಮೊಳೆಯಿಂದ ಮತ್ತೆ ಅಳೆದುಕೊಂಡು ಬಂದರೆ ಐನೂರ ಎರಡು. "ಇದೂ ಸರಿ ಇಲ್ಲ!" ಎಂದು ಇಡೀ ಬೀದಿ ಒಂದೇ ಬಾಯಲ್ಲಿ ಕೂಗಿತು. ಪಾರ್ಶ್ವನಾಥಯ್ಯನವರು ನಗಲಿಲ್ಲ. ಗಂಭೀರವಾಗಿ ಬೂಟು ಕಳಚಿ, ಪ್ಯಾಂಟಿನ ತುದಿ ಮಡಚಿ, "ಆಗಲಿ, ಸರಿಯಾಗಿಯೇ ಅಳೆಯೋಣ" ಎಂದರು. ಮೂರನೆಯ ಸಲ ಅವರ ಬರಿಗಾಲೂ ನಮ್ಮ ಜೊತೆಗಿತ್ತು. ಸಿದ್ದವೀರಮ್ಮನ ಹೊಸ್ತಿಲಿನಲ್ಲಿ ನಾನು ಕೊನೆಯ ಗಂಟು ಮುಟ್ಟಿದಾಗ ನಾನೂರ ತೊಂಬತ್ತೊಂಬತ್ತು. ಅವರು ಅಲ್ಲೇ ಗಾಣದ ಕಲ್ಲಿನ ಮೇಲೆ ಪುಸ್ತಕ ಇಟ್ಟು ಬರೆದು ಸಹಿ ಹಾಕಿದರು. ಸಿದ್ದವೀರಮ್ಮ ಅವರ ಕೈಗೆ ಎರಡು ಚಿಗಳಿ ಇಟ್ಟು, "ಪಾತ್ರೇಲಿ ಕೊಡಲ್ಲ ಬುದ್ಧಿ, ನೀವು ಜೀಪಲ್ಲಿ ತಂದ್ಕೊಡ್ತೀರಿ" ಎಂದಳು.

ದೀಪಾವಳಿಯ ಹೊತ್ತಿಗೆ ಆ ಬೀದಿ ಇನ್ನೂರು ಮಾರಿಗೆ ಇಳಿಯಿತು, ಮುಂದಿನ ಹದಿನಾರು ವರ್ಷ ಅದನ್ನು ಮೀರಲಿಲ್ಲ. ಆ ದಿನಗಳನ್ನು ನೆನೆದರೆ ಮೂಗಿಗೆ ಮೊದಲು ಹುರಿದ ಎಳ್ಳಿನ ವಾಸನೆ ಬರುತ್ತದೆ. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಯಾರಾದರೊಬ್ಬರು ಬಟ್ಟಲು ಹಿಡಿದು ಬರುತ್ತಿರುತ್ತಿದ್ದರು. ನಾನು ಕೆಲಸದಿಂದ ನಿವೃತ್ತಳಾದೆ, ಮಂಡಿ ನೋವು ಬಂತು, ಮನೆಯಲ್ಲೇ ಕೂತೆ. ಒಂದು ದಿನ ಸಿದ್ದವೀರಮ್ಮ ಬಂದು, ನನ್ನ ಸ್ಟೀಲಿನ ಎಲೆ ಅಡಿಕೆ ಡಬ್ಬಿ ಎತ್ತಿಕೊಂಡು, "ನಮ್ಮನೆಗೆ ನೆಂಟರು ಬತ್ತಾವ್ರೆ, ಒಂದ್ ದಿನ ಕೊಟ್ಟಿರು" ಎಂದು ಹೊರಟುಹೋದಳು. ಅವಳಿಗೆ ಯಾವ ನೆಂಟರು? ನಾಲ್ಕು ದಿನವಾದರೂ ತಂದು ಕೊಡಲಿಲ್ಲ. ಐದನೆಯ ದಿನ ಬೈದುಕೊಂಡು, ಗೋಡೆ ಹಿಡಿದುಕೊಂಡು ನಾನೇ ಹೋದೆ. "ತೊಳೆದಿಲ್ಲ ಕಣಮ್ಮಿ, ನಾಳೆ ಬಾ" ಎಂದಳು. ಮರುದಿನವೂ ಅದೇ ಮಾತು. ಮೂರು ವರ್ಷ ದಿನವೂ ಹೋದೆ. ಒಂದು ದಿನವೂ ಆ ಡಬ್ಬಿಯನ್ನು ಅವಳು ತೊಳೆಯಲಿಲ್ಲ.

ಹೋದ ಮಾಘದಲ್ಲಿ ಸಿದ್ದವೀರಮ್ಮ ತೀರಿಕೊಂಡಳು. ಜಗಲಿಯ ಮೇಲಲ್ಲ, ಗಾಣದ ಕಲ್ಲಿನ ಹತ್ತಿರ, ಬಟ್ಟೆ ಒಣಹಾಕಿ ಒಳಗೆ ಬರುವಾಗ. ಹದಿಮೂರು ದಿನ ಕಳೆದ ಮೇಲೆ ಅವಳ ತಮ್ಮ ನನ್ನನ್ನು ಕರೆಸಿ, "ಇದು ನಿಮ್ದಂತೆ" ಎಂದು ಗೂಡು ತೋರಿಸಿದ. ಹಿತ್ತಾಳೆ ಪಾವಿನ ಪಕ್ಕ ನನ್ನ ಡಬ್ಬಿ ಇತ್ತು, ಮುಖ ಕಾಣುವ ಹಾಗೆ ಬೆಳಗಿತ್ತು. ಮುಚ್ಚಳ ತೆಗೆದೆ. ತುಂಬ ಚಿಗಳಿ. ಅವಳು ಯಾವ ದಿನ ತುಂಬಿಟ್ಟಿದ್ದಳೋ, ಒಂದು ಉಂಡೆಯೂ ಕೆಟ್ಟಿರಲಿಲ್ಲ.

ನಾನು ಒಂದು ತೆಗೆದುಕೊಂಡು ಬಾಯಿಗೆ ಹಾಕಿಕೊಂಡು ಡಬ್ಬಿಯನ್ನು ಅಲ್ಲೇ ಇಟ್ಟು ಬಂದೆ. ಮನೆಗೆ ತಂದುಬಿಟ್ಟರೆ ಮರುದಿನ ನಾನು ಎಲ್ಲಿಗೆ ಹೋಗಲಿ?

ಈಗ ಆ ಮನೆಯಲ್ಲಿ ಜವರಪ್ಪನ ಮಗಳು ಚಂದ್ರಮ್ಮಣ್ಣಿ ಬಾಡಿಗೆಗಿದ್ದಾಳೆ. ಅವಳಿಗೆ ಹೊಲಿಗೆ ಯಂತ್ರದ ಮುಂದೆ ತಲೆ ಎತ್ತಲು ಪುರುಸೊತ್ತಿಲ್ಲ. ಆದರೂ ದಿನವೂ ಹಾಲು ಕಾಸುವ ಹೊತ್ತಿಗೆ ನಾನು ಮಂಡಿ ಉಜ್ಜಿಕೊಂಡು, ಜಗಲಿ ಇಳಿದು, ಹೋಗಿ ಅವಳ ಬಾಗಿಲಲ್ಲಿ ನಿಂತು, "ಏನವ್ವಾ, ನನ್ ಡಬ್ಬಿ ಕೊಡ್ತೀಯಾ?" ಎಂದು ಕೇಳುತ್ತೇನೆ. ಅವಳು ಯಂತ್ರದ ಚಕ್ರಕ್ಕೆ ಕೈ ಅಡ್ಡವಿಟ್ಟು ನಿಲ್ಲಿಸಿ, ತನ್ನ ಹಿಂದಿನ ಗೂಡಿನಲ್ಲಿ ಫಳಫಳ ಹೊಳೆಯುವ ಡಬ್ಬಿಯ ಕಡೆ ತಿರುಗಿ ನೋಡಿ, ಒಂದಿಷ್ಟೂ ನಗದೆ ಹೇಳುತ್ತಾಳೆ:

"ಇನ್ನೂ ತೊಳೆದಿಲ್ಲ ಅಜ್ಜಿ. ನಾಳೆ ಬನ್ನಿ."